ಡಿಗ್ರಿಗೇಕೆ ಇಷ್ಟು ಅವಸರ?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಕೆಳಗಿನ ಮನೆಯ ಹುಡುಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಆರು ಸೆಮಿಸ್ಟರ್‌ಗಳ ಪದವಿ; ಅವಳೀಗ ಒಂಬತ್ತನೆಯದರಲ್ಲಿದ್ದಾಳೆ. ಮೊನ್ನೆ ಮೆಟ್ಟಿಲ ಬಳಿ ಸಿಕ್ಕಾಗ ಅವಳ ತಾಯಿ ಇದನ್ನು ಹವಾಮಾನದ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದರು. ನಾನು ಅಭ್ಯಾಸಬಲದಿಂದ ಮುಖ ಸಪ್ಪೆ ಮಾಡಿಕೊಂಡು, ಏನು ತೊಂದರೆಯಾಯಿತೆಂದು ಕೇಳಿದೆ. ನನ್ನ ಅನುಕಂಪ ಯಾವುದಕ್ಕೆಂದು ಆಕೆಗೆ ತಿಳಿಯಲೇ ಇಲ್ಲ. ಮಗಳು ವಾರಕ್ಕೆ ಎರಡು ದಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಒಂದು ಸೆಮಿಸ್ಟರ್ ಸ್ವೀಡನ್‌ನಲ್ಲಿ ಕಳೆದಳು, ಥರ್ಮೋಡೈನಮಿಕ್ಸ್‌ನಲ್ಲಿ ಒಮ್ಮೆ ನಪಾಸಾದಳು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಆಕೆ ಕಸದ ಡಬ್ಬಿ ಎತ್ತಿಕೊಂಡು ಹೊರಟರು.

ಅದೇ ವಾರ ತುಮಕೂರಿನಿಂದ ಅಕ್ಕನ ಫೋನ್. ಎಂಜಿನಿಯರಿಂಗ್ ಓದುವ ಅವಳ ಮಗನಿಗೆ ಇಯರ್ ಬ್ಯಾಕ್ ಆಗಿದೆ, ಅಂದರೆ ಮುಂದಿನ ವರ್ಷಕ್ಕೆ ಹೋಗದಂತೆ ತಡೆದಿದ್ದಾರೆ. "ಯಾರ ಹತ್ತಿರವೂ ಬಾಯಿ ಬಿಡಬೇಡವೋ, ಭಾವನಿಗೆ ತಲೆ ಎತ್ತಿ ಓಡಾಡುವುದೇ ಕಷ್ಟವಾಗಿದೆ" ಎಂದಳು. ಮುಂದಿನ ತಿಂಗಳ ಗೃಹಪ್ರವೇಶಕ್ಕೆ ಹುಡುಗ ಬರುವುದಿಲ್ಲವಂತೆ. ಪರೀಕ್ಷೆ ಇದೆ ಎಂದು ನೆಂಟರಿಗೆ ಹೇಳುವುದಾಗಿ ತೀರ್ಮಾನವಾಗಿದೆ.

ನನಗೆ ರೇಗಿದ್ದು ಇಲ್ಲಿಯೇ. ಹುಡುಗ ಕಳ್ಳತನ ಮಾಡಿಲ್ಲ. ಕೆಲವು ವಿಷಯಗಳಲ್ಲಿ ನಪಾಸಾಗಿದ್ದಾನೆ. ಆದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಸಾಗದೆ ಉಳಿದ ವಿಷಯಗಳು (ಬ್ಯಾಕ್‌ಲಾಗ್) ಮಿತಿ ಮೀರಿದರೆ ಇಡೀ ವರ್ಷವೇ ನಿಂತುಬಿಡುತ್ತದೆ. ಗಣಿತದಲ್ಲಿ ಬಿದ್ದವನು ಮುಂದಿನ ವರ್ಷದ ಮೆಷಿನ್ ಡಿಸೈನ್ ತರಗತಿಗೂ ಹೋಗುವಂತಿಲ್ಲ. ಜೊತೆಯವರು ಮುಂದೆ ಹೋಗುತ್ತಾರೆ, ಅವನು ಮನೆಯಲ್ಲಿ ಕುಳಿತು ಹಳೆಯ ಪ್ರಶ್ನೆಪತ್ರಿಕೆ ತಿರುವುತ್ತಾನೆ, ಮರುವರ್ಷ ಜೂನಿಯರ್‌ಗಳ ನಡುವೆ ತಲೆ ತಗ್ಗಿಸಿ ಕೂರುತ್ತಾನೆ. ಇಲ್ಲಿ ಜರ್ಮನಿಯಲ್ಲಿ ಅಂಥ ಗೋಡೆಯೇ ಇಲ್ಲ. ವಿಷಯಗಳು ಪಾಸಾದಂತೆ ಸೇರುವ ಕ್ರೆಡಿಟ್ ಒಟ್ಟು 180 ಆಗಬೇಕು. ಯಾವ ಪರೀಕ್ಷೆಯನ್ನು ಯಾವಾಗ ಬರೆಯಬೇಕೆಂದು ಬಹುಮಟ್ಟಿಗೆ ವಿದ್ಯಾರ್ಥಿಯೇ ಗೊತ್ತುಮಾಡಿಕೊಳ್ಳುತ್ತಾನೆ. ಒಂದರಲ್ಲಿ ಬಿದ್ದರೂ ಉಳಿದವು ನಡೆಯುತ್ತಿರುತ್ತವೆ. ನಮ್ಮಲ್ಲಿರುವಂತೆ ಬ್ಯಾಚ್ ಎಂಬುದು ಇಲ್ಲದ ಮೇಲೆ ಹಿಂದೆ ಬಿದ್ದೆ ಎಂದು ಯಾರನ್ನು ನೋಡಿ ಕೊರಗಬೇಕು?

ಊರಿನಲ್ಲಿ ಡಿಗ್ರಿ ಮುಗಿದ ಮೇಲೂ ಆ ವರ್ಷ ಬೆನ್ನು ಬಿಡುವುದಿಲ್ಲ. ಕ್ಯಾಂಪಸ್‌ಗೆ ಬರುವ ಕಂಪನಿಗಳು ಎಸ್ಸೆಸ್ಸೆಲ್ಸಿಯಿಂದ ಅಂಕ ಕೇಳುತ್ತವೆ, ಬ್ಯಾಕ್‌ಲಾಗ್ ಇದ್ದವರನ್ನು ಬಾಗಿಲಲ್ಲೇ ತಡೆಯುತ್ತವೆ. ಮುಂದೆ ಓದಲು ಹೋದರೆ, ಆ ಒಂದು ವರ್ಷ ಏನು ಮಾಡುತ್ತಿದ್ದೆ ಎಂದು ಛಾಪಾ ಕಾಗದದ ಮೇಲೆ ಬರೆದು ನೋಟರಿಯಿಂದ ಮುದ್ರೆ ಹಾಕಿಸಿಕೊಂಡು ಬಾ ಎನ್ನುವ ಕಾಲೇಜುಗಳಿವೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಸಾದ ಇಸವಿ ಕೇಳಿ ಬೆರಳು ಮಡಿಸುವವರು ಬೇರೆ. ಬಿಎ, ಬಿಎಸ್ಸಿಯಂಥ ಮೂರು ವರ್ಷದ ಡಿಗ್ರಿಗೆ 2021ರಲ್ಲಿ ನಾಲ್ಕನೆಯ ವರ್ಷವನ್ನು ಸೇರಿಸಿ 2024ರಲ್ಲಿ ಅದನ್ನು ಕೈಬಿಟ್ಟ ರಾಜ್ಯ ನಮ್ಮದು. ಸರ್ಕಾರಕ್ಕೇ ಲೆಕ್ಕ ಕೂಡದಿರುವಾಗ ಇಪ್ಪತ್ತರ ಹುಡುಗ ಮಾತ್ರ ಗಡಿಯಾರದಂತೆ ನಡೆಯಬೇಕು.

ಇಷ್ಟು ಬೈದ ಮೇಲೆ ಜರ್ಮನಿಯ ಒಳಗುಟ್ಟನ್ನೂ ಹೇಳಬೇಕಾಗುತ್ತದೆ. ಕೆಳಮನೆಯ ಹುಡುಗಿ ನಿಶ್ಚಿಂತೆಯಿಂದ ಇರುವುದಕ್ಕೆ ಮುಖ್ಯ ಕಾರಣ ಅವಳು ಶುಲ್ಕ ಕಟ್ಟದಿರುವುದು. ಕೆಲವು ರಾಜ್ಯಗಳು ಹಿಂದೆ ಸೆಮಿಸ್ಟರ್‌ಗೆ 500 ಯೂರೋ ವಸೂಲಿ ಮಾಡಿ ನೋಡಿದವು. 2014ರ ಹೊತ್ತಿಗೆ ಎಲ್ಲವೂ ಕೈಬಿಟ್ಟವು. ಮಗಳಿಗೆ 25 ತುಂಬುವವರೆಗೆ ತಾಯಿಗೆ ಮಕ್ಕಳ ಭತ್ಯೆಯೂ ಬರುತ್ತದೆ. ಅದೇ ಊರಿನಲ್ಲಿ ಓದುವ ನಮ್ಮ ಹಾಸನದ, ದಾವಣಗೆರೆಯ ಹುಡುಗರು ಯುರೋಪ್ ಒಕ್ಕೂಟದ ಹೊರಗಿನವರಿಗೆಂದು ಈ ರಾಜ್ಯ 2017ರಲ್ಲಿ ತಂದ ನಿಯಮದ ಪ್ರಕಾರ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟುತ್ತಾರೆ. ಬ್ಯಾಂಕ್ ಸಾಲ, ವೀಸಾ ಎರಡೂ ತಲೆಯ ಮೇಲಿರುತ್ತವೆ. ಅವರಿಗೆ ಒಂಬತ್ತನೆಯ ಸೆಮಿಸ್ಟರ್ ಎಲ್ಲಿಯದು?

ಇನ್ನೊಂದು ಕಡೆ ಈ ದೇಶ ನಮಗಿಂತ ನಿರ್ದಯಿ. ಕಡ್ಡಾಯ ವಿಷಯವೊಂದರಲ್ಲಿ ಸಾಮಾನ್ಯವಾಗಿ ಮೂರನೆಯ ಸಲವೂ ಬಿದ್ದರೆ ಹೆಸರು ತೆಗೆದುಹಾಕುತ್ತಾರೆ. ಆ ಕೋರ್ಸನ್ನು ದೇಶದ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಮುಚ್ಚುತ್ತದೆ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ನಾಲ್ಕು ವರ್ಷದ ಬಿಇಗೆ ಎಂಟು ವರ್ಷ ಕೊಡುತ್ತದೆ, ಮತ್ತೆ ಮತ್ತೆ ಬರೆಯಲು ಬಿಡುತ್ತದೆ. ಅಕ್ಕನ ಮಗ ಇಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಆಚೆ ಬಿದ್ದಿರುತ್ತಿದ್ದನೋ ಏನೋ.

ಒಪ್ಪಿಕೊಳ್ಳಲು ಇನ್ನೂ ಕಷ್ಟವಾಗುವ ಮಾತೊಂದಿದೆ. ನನ್ನ ಜೊತೆ ಕೆಲಸ ಮಾಡುವ ಶಿರಾ ಕಡೆಯ ಹೆಣ್ಣುಮಗಳೊಬ್ಬಳು ತನ್ನ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಅವಳ ಅಪ್ಪ ಒಪ್ಪಿದ್ದು ನಾಲ್ಕು ವರ್ಷಕ್ಕೆ, ಅದೂ ಅತ್ತೂಕರೆದ ಮೇಲೆ. ಐದನೆಯ ವರ್ಷಕ್ಕೆ ಗಂಡು ನೋಡಿಟ್ಟಿದ್ದರು. ಒಂದು ವಿಷಯ ಉಳಿದಿದ್ದರೂ ಓದು ಅಲ್ಲಿಗೇ ಮುಗಿಯುತ್ತಿತ್ತು ಎನ್ನುತ್ತಾಳೆ. ಇಯರ್ ಬ್ಯಾಕ್ ಆದರೆ ಏನಂತೆ ಎಂದು ನಾನು ಭಾಷಣ ಬಿಗಿದಾಗ ಅವಳು ಟೀ ಲೋಟ ಕೆಳಗಿಟ್ಟು, "ಗಂಡುಮಕ್ಕಳಿಗೆ ಹೇಳಿ ಸಾರ್" ಎಂದಳು.