ಮೂರು ಗಂಟೆಯಲ್ಲಿ ಮುಗಿದ ದ್ವೀಪ

ಮೈಸೂರಿನ ಯಾವ ವಾಟ್ಸ್‌ಆ್ಯಪ್ ಗುಂಪನ್ನು ತೆರೆದರೂ ಈಚೆಗೆ ಆಡ್ರಿಯಾಟಿಕ್ ಸಮುದ್ರವೇ ಮೈಮೇಲೆ ಬರುತ್ತದೆ. ಕುವೆಂಪುನಗರದ, ಸರಸ್ವತಿಪುರದ ನಿವೃತ್ತ ದಂಪತಿಗಳು ಮೂವತ್ತು ನಲವತ್ತು ಮಂದಿ ಹಿಡಿಸುವ ಪುಟ್ಟ ಹಡಗೇರಿ, ಕ್ರೊಯೇಷಿಯಾದ ಕೋರ್ಚುಲಾ ಎಂಬ ದ್ವೀಪದ ಬಂದರು ಪಟ್ಟಣದಲ್ಲಿ ಮೂರು ಗಂಟೆ ಇಳಿದು, ಇತಿಹಾಸವನ್ನು ಕಣ್ಣಾರೆ ಕಂಡುಬಂದ ಪುರಾವೆಯನ್ನು ನಮ್ಮ ಕಾಫಿ ಆರುವ ಮೊದಲೇ ಒಪ್ಪಿಸುತ್ತಾರೆ. ದೊಡ್ಡ ಹಡಗಿನಲ್ಲಿ ಬರುವವರು ಬರೀ ಗುಂಪು, ಸಣ್ಣ ಹಡಗಿನಲ್ಲಿ ಬರುವವರು ರಸಿಕರು ಎಂಬ ವರ್ಣಾಶ್ರಮವೂ ಇದರೊಳಗಿದೆ.

ಆ ಊರಿನ ಜಾಣತನಕ್ಕೆ ಮಾತ್ರ ನನ್ನ ನಮಸ್ಕಾರ. ಮಾರ್ಕೊ ಪೋಲೊ ಅಲ್ಲಿಯೇ ಹುಟ್ಟಿದನೆನ್ನಲು ಗಟ್ಟಿ ದಾಖಲೆಯಿಲ್ಲ. ಆದರೂ ಅವನ ಮನೆಯೆಂದು ಒಂದು ಕಟ್ಟಡವನ್ನು ತೋರಿಸಿ ಊರಿಗೆ ಊರೇ ಬದುಕುತ್ತಿದೆ. ಹಳೆಯ ಪಟ್ಟಣದ ಬೀದಿಗಳು ಮೀನಿನ ಮುಳ್ಳಿನಂತೆ ಎರಡೂ ಕಡೆಗೆ ಚಾಚಿಕೊಂಡಿವೆ. ಪಶ್ಚಿಮದವು ಬೇಸಿಗೆಯ ತಂಗಾಳಿ ನುಗ್ಗಲೆಂದು ನೇರವಾಗಿವೆ, ಪೂರ್ವದವು ಚಳಿಗಾಲದ ಬೋರಾ ಗಾಳಿಯನ್ನು ತಡೆಯಲೆಂದು ಬಾಗಿವೆ. ಗಾಳಿಗೂ ಹೀಗೆ ಲೆಕ್ಕಾಚಾರ ಮಾಡಿದ ಊರನ್ನು ನಮ್ಮವರು ಐಸ್‌ಕ್ರೀಮ್ ಕರಗುವಷ್ಟರಲ್ಲಿ ಮುಗಿಸುತ್ತಾರೆ.

ಮೊರೆಸ್ಕಾ ಎಂಬ ಕತ್ತಿವರಸೆಯ ಕುಣಿತವೂ ಅಲ್ಲಿದೆ. ಬಿಳಿಯ ರಾಜ, ಕರಿಯ ರಾಜ ಒಬ್ಬ ಕನ್ಯೆಗಾಗಿ ಕಾದಾಡುತ್ತಾರೆ. ಹಿಂದೆ ಜುಲೈ 29ರ ಹಬ್ಬಕ್ಕೆ ಆಗುತ್ತಿದ್ದ ಈ ಕಾಳಗ ಈಗ ಬೇಸಿಗೆಯುದ್ದಕ್ಕೂ ಪ್ರವಾಸಿಗರಿಗಾಗಿ ನಡೆಯುತ್ತದೆ. ಇದೇ ಕುಣಿತ ನಮ್ಮ ಕೈಗೆ ಸಿಕ್ಕಿದ್ದರೆ ಮೊದಲು ನಾಡಗೀತೆ, ಆಮೇಲೆ ಸ್ವಾಗತ ಭಾಷಣ, ಗಣ್ಯರು ಬರುವವರೆಗೆ ಇಬ್ಬರು ರಾಜರೂ ಕತ್ತಿ ಹಿಡಿದು ಬೆವರುತ್ತ ನಿಲ್ಲುವುದು, ಕೊನೆಗೆ ಇಬ್ಬರಿಗೂ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುವುದು. ಸಮಯದ ಅಭಾವದಿಂದ ಕಾಳಗವನ್ನು ಮೊಟಕುಗೊಳಿಸಲಾಗುತ್ತಿತ್ತು. ಕನ್ಯೆ ಯಾರ ಪಾಲಾದಳೆಂಬುದು ವಂದನಾರ್ಪಣೆಯ ಹೊತ್ತಿಗೂ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ಮೆಚ್ಚುವ ನಮಗೂ ಒಂದು ದ್ವೀಪವಿದೆ, ಬಂದರಿಲ್ಲ, ಅಷ್ಟೇ. ಕಾವೇರಿ ಎರಡು ಕವಲಾಗಿ ಬಳಸಿರುವ, 1610ರಿಂದ 1799ರವರೆಗೆ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣ 2014ರಲ್ಲಿ ‘ದ್ವೀಪ ಪಟ್ಟಣ’ವೆಂದೇ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು, ಇಂದಿಗೂ ತಾತ್ಕಾಲಿಕವಾಗಿಯೇ ಇದೆ. 2023ರ ಹೊಸ ಹೆದ್ದಾರಿಯಂತೂ ಆ ಊರನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಮೂರು ಗಂಟೆಯೂ ಬೇಡ, ಮೂರು ನಿಮಿಷ ಸಾಕು. 1799ರ ಮೇ 4ರಂದು ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೆ ಗೈಡ್ ಕರೆದೊಯ್ದರೂ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇರುತ್ತಾನೆ, ಏಕೆಂದರೆ ಕತ್ತಲಾಗುವುದರೊಳಗೆ ಬೃಂದಾವನದ ಕಾರಂಜಿಯ ಮುಂದೆ ಇಳಿಸಬೇಕು.

ಕನ್ನಂಬಾಡಿಯಲ್ಲಿ ಕಾವೇರಿ ಆರತಿಗೆ 92 ಕೋಟಿಯ ಯೋಜನೆ ಹೊರಟದ್ದು ಎಲ್ಲರಿಗೂ ಗೊತ್ತು. ತಾಯಿಗೆ ದೀಪ ಬೆಳಗುವುದನ್ನು ಬೇಡವೆನ್ನಲು ನಾನಾರು? ಆದರೆ ಅದೇ ನೀರು ಕೆಳಗಿಳಿದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಬಂದಾಗ ಅಸ್ಥಿ ಬಿಟ್ಟವರು ಕಳಚಿ ಎಸೆದ ಪಂಚೆ, ಸೀರೆ, ಪ್ಲಾಸ್ಟಿಕ್ ಕವರುಗಳು ಬಂಡೆಗಳಿಗೆ ಸುತ್ತಿಕೊಂಡು ಕೊಳೆಯುತ್ತವೆ. ಅದನ್ನು ಎತ್ತಲು ಕೋಟಿಗಳೂ ಬೇಕಿಲ್ಲ, ಪುರೋಹಿತರೂ ಬೇಕಿಲ್ಲ. ನಾಲ್ಕು ಆಳು, ಒಂದು ಟ್ರ್ಯಾಕ್ಟರ್ ದಿನವೂ ಬಂದರೆ ಆಗುವ ಕೆಲಸ. ಅದನ್ನು ಮಾಡುವುದಿಲ್ಲ. ಕೋರ್ಚುಲಾದಲ್ಲಿ ಚಾಕೊಲೇಟ್ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ ನಮ್ಮ ರಸಿಕರೂ ಇಲ್ಲಿ ಪಿಂಡ ಬಿಟ್ಟು, ಬಟ್ಟೆ ಬಿಟ್ಟು, ಹಿಂದಿರುಗಿ ನೋಡಬಾರದೆಂಬ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.