ಮಳೆಯೇ ಬಾರದ ಬೆಂಗಳೂರು

ಈಗಷ್ಟೇ ಒಂದು ಆರ್ಕಿಟೆಕ್ಚರ್ ಕಾಲೇಜಿನ ಪ್ರದರ್ಶನ ನೋಡಿಕೊಂಡು ಬಂದೆ. ವಿಷಯ 2075ರ ಬೆಂಗಳೂರು. ಸಿಟ್ಟು ಇನ್ನೂ ಇಳಿದಿಲ್ಲ.

ಗೋಡೆ ತುಂಬಾ ಗಾಜಿನ ಗೋಪುರಗಳು. ಮೂವತ್ತನೇ ಮಹಡಿಯಲ್ಲಿ ಮರಗಳು. ಆಕಾಶದಲ್ಲಿ ಹಾರುವ ಟ್ಯಾಕ್ಸಿ. ಎಲ್ಲ ಚಿತ್ರದಲ್ಲೂ ಎಳೆಬಿಸಿಲು. ಒಂದರಲ್ಲೂ ಮಳೆ ಇಲ್ಲ. ಮಳೆನೀರು ಹರಿಯುವ ರಾಜಕಾಲುವೆ ಕಂಡರೆ ಅದು ಹಸಿರು ಪಟ್ಟಿ, ಪಕ್ಕದಲ್ಲಿ ಜೋಡಿಗಳು ನಡೆಯುತ್ತಿರುತ್ತಾರೆ. ಅದಕ್ಕೆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ಒಂದು ಬಾಣದ ಗುರುತೂ ಇಲ್ಲ.

ನಾನೂ ಕಟ್ಟಡ ವಿನ್ಯಾಸದ ಕೆಲಸದವನೇ. ಸೈಟಿಗೆ ಹೋದ ತಕ್ಷಣ ನಾನು ನೋಡೋದು ಇಳಿಜಾರು. ನಮ್ಮ ಊರಿಗೆ ದೊಡ್ಡ ನದಿ ಇಲ್ಲ. ದಿಣ್ಣೆಯ ಮೇಲೆ ಕೂತ ಊರು. ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಊರು ಬದುಕಿದ್ದೇ ಹಾಗೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಸ್ಟೇಡಿಯಂ. ಕುಡಿಯೋಕೆ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಹತ್ತಿಸುತ್ತಿದ್ದೇವೆ. ಮೂವತ್ತನೇ ಮಹಡಿಯ ಆ ಮರಗಳಿಗೆ ನೀರು ಹಾಕೋದು ಎಲ್ಲಿಂದ? 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಕಡೆ ಮಳೆನೀರು ನುಗ್ಗಿ ಜನರನ್ನು ಟ್ರ್ಯಾಕ್ಟರ್ ಮೇಲೆ ಸಾಗಿಸಿದ್ದು, 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದಿದ್ದು, ಇಷ್ಟು ಬೇಗ ಮರೆತುಹೋಯಿತಾ?

‘ಕಲ್ಪನೆಗೆ ಕಡಿವಾಣ ಹಾಕಬೇಡಿ ಸಾರ್’ ಅಂದರು ಅಲ್ಲಿದ್ದ ಮೇಷ್ಟ್ರೊಬ್ಬರು. ನಾನೂ ಹಾಕು ಅನ್ನಲ್ಲ. 1960ರಲ್ಲಿ ಜಪಾನಿನ ವಾಸ್ತುಶಿಲ್ಪಿ ಕೆಂಜೊ ಟಾಂಗೆ ಟೋಕಿಯೋ ಕೊಲ್ಲಿಯ ನೀರಿನ ಮೇಲೇ ನಗರ ಬೆಳೆಸುವ ಯೋಜನೆ ಬರೆದರು. ಅದನ್ನು ಯಾರೂ ಕಟ್ಟಲಿಲ್ಲ, ಆದರೂ ಇವತ್ತಿಗೂ ಓದುತ್ತೇವೆ. ಯಾಕೆಂದರೆ ಅದರ ಹಿಂದೆ ಟೋಕಿಯೋದ ಜನಸಂಖ್ಯೆ, ಓಡಾಟ, ಜಾಗದ ಕೊರತೆ ಎಲ್ಲದರ ಲೆಕ್ಕ ಇತ್ತು. ಈ ಗೋಡೆಯ ಚಿತ್ರಗಳನ್ನು ದುಬೈಗೆ ಒಯ್ದು ನೇತುಹಾಕಿ, ಒಂದು ಗೆರೆಯನ್ನೂ ಬದಲಾಯಿಸಬೇಕಾಗಿಲ್ಲ. ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ಇನ್ನು ಮೂಲೆಯಲ್ಲಿ, ಫ್ಯಾನ್ ಕೆಳಗೆ, ಒಂದು ಹಾಳೆ ಇತ್ತು. ಪೆನ್ಸಿಲ್ಲಿನಲ್ಲಿ ಬರೆದ ಒಂದೇ ಒಂದು ಸೆಕ್ಷನ್, ಅಂದರೆ ಜಾಗವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ಧರ್ಮಾಂಬುಧಿಯನ್ನು ವಾಪಸ್ ತಂದಿದ್ದಾಳೆ ಹುಡುಗಿ. ನೆಲದೊಳಗಿನ ಮೆಟ್ರೋ ನಿಲ್ದಾಣದ ಭಾಗ ಬಿಟ್ಟು ಉಳಿದ ಕಡೆ ಮಾತ್ರ ನೀರು. ಮಳೆಗಾಲದ ಮಟ್ಟಕ್ಕೊಂದು ನೀಲಿ ಗೆರೆ, ಬೇಸಿಗೆಗೆ ಇನ್ನೊಂದು. ನೀರು ಇಳಿದಾಗ ಮೇಲಿನ ಮೆಟ್ಟಿಲುಗಳ ಮೇಲೆ ಹೂವು ಮಾರುವವರು ಕೂರುತ್ತಾರೆ. ನೀರು ಒಳಗೆ ಬರುವ ಕಡೆ ಹೂಳು ನಿಲ್ಲೋಕೆ ಗುಂಡಿ. ಹೂಳೆತ್ತುವ ಗಾಡಿ ಇಳಿಯೋಕೆ ರ‍್ಯಾಂಪ್, ಅದರ ಅಗಲ ಎಷ್ಟು ಅಂತಲೂ ಬರೆದಿದ್ದಾಳೆ! ಯಾರೂ ಗುಂಡಿಯೊಳಗೆ ಇಳಿದು ಕೈಯಲ್ಲಿ ಬಾಚಬಾರದು ಅನ್ನೋದು ಅವಳ ಹಟ. ಅದನ್ನು ನೋಡಿ ನನ್ನ ಕಣ್ಣು ತುಂಬಿತು, ನಿಜವಾಗಿ.

ಬಹುಮಾನ ಹಾರುವ ಟ್ಯಾಕ್ಸಿಗೆ ಹೋಯಿತು. ಇವಳದರಲ್ಲಿ ‘ಭವಿಷ್ಯ ಕಾಣ್ತಿಲ್ಲ’ವಂತೆ. ಕೆರೆಯನ್ನು ಮುಚ್ಚಿ ಕಟ್ಟಿದ ಬಸ್ ಸ್ಟ್ಯಾಂಡಿನ ಕೆಳಗೆ ಮತ್ತೆ ಕೆರೆ ತರೋದಕ್ಕಿಂತ ದೊಡ್ಡ ಕಲ್ಪನೆ ಈ ಊರಿಗೆ ಬೇರೆ ಯಾವುದಿದೆ, ಹೇಳಿ.

ಪ್ರದರ್ಶನ ಭಾನುವಾರದವರೆಗೆ ಇದೆ. ವಿಳಾಸ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಹೋದವರು ಮೊದಲು ಆ ಮೂಲೆಗೆ ಹೋಗಿ. ಹುಡುಗಿ ಅಲ್ಲೇ ಇದ್ದರೆ, ಎತ್ತಿದ ಹೂಳನ್ನು ಎಲ್ಲಿಗೆ ಸಾಗಿಸ್ತೀಯಮ್ಮಾ ಅಂತ ಕೇಳಿ. ಅದಕ್ಕೂ ಅವಳ ಹತ್ತಿರ ಉತ್ತರ ಇದೆ.