ಎಲ್ಲ ಡೋಪಮೈನ್ ಮಹಿಮೆ

ಈಗೀಗ ಯಾರೂ ಸೋಮಾರಿಗಳಲ್ಲ, ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಮ್ಮಿಯಾಗಿರುತ್ತದೆ ಅಷ್ಟೇ. ಯಾರಿಗೂ ಸಿಟ್ಟು ಬರುವುದಿಲ್ಲ, ಭಯ-ಸಿಟ್ಟಿನ ಜೊತೆ ನಂಟಿರುವ ಅಮಿಗ್ಡಲ ಎಂಬ ಮಿದುಳಿನ ಭಾಗ ಕೆರಳಿರುತ್ತದೆ. ಮುಂಚೆ ಹಣೆಬರಹದ ಮೇಲೆ ಹಾಕುತ್ತಿದ್ದುದನ್ನೆಲ್ಲ ಈಗ ಹಣೆಯ ಹಿಂದಿರುವ ಮಿದುಳಿನ ಮೇಲೆ ಹಾಕುತ್ತೇವೆ. ಜಾಗವೇನೂ ಬಹಳ ಬದಲಾಗಿಲ್ಲ.

ಹಾಕಲಿ, ತಕರಾರಿಲ್ಲ. ಆದರೆ ಮಂತ್ರಿಗಳಿಗೆ ಹಂಚಿದ ಹಾಗೆ ಒಂದೊಂದು ರಾಸಾಯನಿಕಕ್ಕೂ ಒಂದೊಂದು ಖಾತೆ ಹಂಚಿಬಿಟ್ಟಿದ್ದೇವಲ್ಲ, ಅದು ಯಾಕೋ ಸರಿಹೋಗುವುದಿಲ್ಲ. ಡೋಪಮೈನ್‌ಗೆ ಖುಷಿ, ಆಕ್ಸಿಟೋಸಿನ್‌ಗೆ ಪ್ರೀತಿ, ಸೆರೊಟೋನಿನ್‌ಗೆ ನೆಮ್ಮದಿ. ಆದರೆ ನಮ್ಮ ಮೈಯಲ್ಲಿರುವ ಸೆರೊಟೋನಿನ್‌ನಲ್ಲಿ ಸುಮಾರು 90% ಇರುವುದು ಕರುಳಿನಲ್ಲಿ. ಅಲ್ಲಿ ಅದು ತಿಂದದ್ದನ್ನು ಮುಂದೆ ತಳ್ಳುವ ಕೆಲಸದಲ್ಲಿ ಕೈಜೋಡಿಸುತ್ತದೆ. ಬೆಳಿಗ್ಗೆ ಹೊಟ್ಟೆ ಸರಿಯಾಗಿ ಖಾಲಿಯಾಗುವುದಕ್ಕೂ ನೆಮ್ಮದಿಗೂ ಸಂಬಂಧವೇ ಇಲ್ಲ ಅಂತ ನಾನೇನೂ ಹೇಳುತ್ತಿಲ್ಲ.

ಇನ್ನು ಡೋಪಮೈನ್. ಫೋನು ಟಿಣ್ ಅನ್ನುತ್ತದೆ. ಯೋಚನೆ ಬರುವ ಮೊದಲೇ ಕೈ ಹೋಗಿರುತ್ತದೆ. ತೆರೆದು ನೋಡಿದರೆ ಯಾವುದೋ ಸಾಲದ ಜಾಹೀರಾತು. ಇದರಲ್ಲಿ ಖುಷಿ ಎಲ್ಲಿ ಬಂತು? ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಇದನ್ನೇ ಹಿಡಿದಿದ್ದರು. ಕೋತಿಯ ಬಾಯಿಗೆ ಇದ್ದಕ್ಕಿದ್ದ ಹಾಗೆ ಹಣ್ಣಿನ ರಸ ಬಿದ್ದರೆ ಡೋಪಮೈನ್ ಕೋಶಗಳು ಚುರುಕಾಗುತ್ತಿದ್ದವು. ಕೆಲವು ದಿನ ರಸಕ್ಕೆ ಮೊದಲು ಒಂದು ಸಂಕೇತ ಕೊಟ್ಟು ರೂಢಿ ಮಾಡಿಸಿದ ಮೇಲೆ ಕಥೆ ಬದಲಾಯಿತು. ಕೋಶಗಳು ಸಂಕೇತಕ್ಕೇ ಕುಣಿದವು, ರಸ ಬಂದಾಗ ಸುಮ್ನೆ ಇದ್ದವು. ಸಂಕೇತ ಕೊಟ್ಟು ರಸ ಕೊಡದೆ ಹೋದರೆ, ಸರಿಯಾಗಿ ರಸ ಬರಬೇಕಿದ್ದ ಹೊತ್ತಿಗೇ ಅವುಗಳ ಮಿಡಿತ ಮಾಮೂಲಿಗಿಂತ ಕೆಳಗೆ ಕುಸಿಯಿತು. ನನ್ನ ಫೋನಿನ ಟಿಣ್ ಆ ಸಂಕೇತ. ರಸ ಎಂದೋ ಒಮ್ಮೆ ಬರುತ್ತದೆ. ಹಾಗೆ ಎಂದೋ ಒಮ್ಮೆ ಬರುವುದರಿಂದಲೇ ಕೈ ಸುಮ್ಮನಿರುವುದಿಲ್ಲ.

ಇದಕ್ಕಿಂತ ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ಇಲಿಗಳ ಸಂಗತಿ. ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಎಂಬ ವಿಜ್ಞಾನಿಗಳು ಅಧ್ಯಯನ ಮಾಡಿದ ಆ ಇಲಿಗಳ ಮಿದುಳಿನಲ್ಲಿ ಡೋಪಮೈನ್ ಹೆಚ್ಚುಕಮ್ಮಿ ಪೂರ್ತಿ ಇಲ್ಲವಾಗಿತ್ತು. ಬಾಯಿಗೆ ಸಿಹಿ ನೀರು ಬಿಟ್ಟರೆ ಉಳಿದ ಇಲಿಗಳ ಹಾಗೆಯೇ ಬಾಯಿ ಚಪ್ಪರಿಸುತ್ತಿದ್ದವು. ಆದರೆ ಊಟ ಮುಂದಿದ್ದರೂ ತಾವಾಗಿ ಹೋಗಿ ತಿನ್ನುತ್ತಿರಲಿಲ್ಲ. ರುಚಿ ಉಳಿದಿತ್ತು, ಬೇಕು ಅನ್ನುವುದು ಹೋಗಿತ್ತು. ಇವೆರಡೂ ಬೇರೆ ಬೇರೆ ಅಂತ ಮನುಷ್ಯರಾದ ನಮಗೂ ಒಳಗೊಳಗೇ ಗೊತ್ತು. ಸಾಕಾಗಿ ಹೋಗಿದ್ದರೂ ಬೆರಳು ಪರದೆಯನ್ನು ಮೇಲಕ್ಕೆ ಸರಿಸುತ್ತಲೇ ಇರುತ್ತದೆ ಅಲ್ವಾ?

ಮಿದುಳಿನ ಭಾಗಗಳಿಗೂ ಇದೇ ಖಾತೆ ಹಂಚಿಕೆ ನಡೆದಿದೆ, ಮುಂಭಾಗಕ್ಕೆ ಸಿಕ್ಕಿದ್ದು ಸಂಯಮ. 1848ರಲ್ಲಿ ಅಮೆರಿಕದಲ್ಲಿ ರೈಲು ಹಾದಿಗೆ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್‌ನ ಕೆನ್ನೆಯಿಂದ ನುಗ್ಗಿದ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಿತ್ತು. ಮಿದುಳಿನ ಮುಂಭಾಗ ಹಾಳಾಯಿತು, ಮನುಷ್ಯ ಬದುಕಿದ. ಆದರೆ ಸ್ನೇಹಿತರಿಗೆ ಅವನು ಹಳೆಯ ಗೇಜ್ ಅನ್ನಿಸಲಿಲ್ಲ. ಮಾತು ಒರಟಾಯಿತು, ಹಿಡಿದ ಕೆಲಸದಲ್ಲಿ ನಿಲ್ಲದಾದ. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಅದೇ ಗೇಜ್ ಆಮೇಲೆ ಚಿಲಿಗೆ ಹೋಗಿ ವರ್ಷಗಟ್ಟಲೆ ಪ್ರಯಾಣಿಕರ ಕುದುರೆ ಗಾಡಿ ಓಡಿಸಿದ್ದನ್ನು ಯಾರೂ ಹೇಳುವುದಿಲ್ಲ. ಮುಂಗೋಪವೊಂದರಿಂದಲೇ ಅಂಥ ಕೆಲಸ ನಡೆಯುವುದಿಲ್ಲ.

ಒಂದೇ ರಾಸಾಯನಿಕ ಎಲ್ಲಿದೆ ಅನ್ನುವುದರ ಮೇಲೆ ಅದರ ಕೆಲಸ ನಿಂತಿದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಇದೇ ಡೋಪಮೈನ್ ಎದೆಹಾಲಿನ ಹಾರ್ಮೋನಿಗೆ ಕಡಿವಾಣ ಹಾಕುತ್ತದೆ. ಮಿದುಳಿನ ಆಳದಲ್ಲಿ ಕೈಕಾಲಿನ ಚಲನೆಯನ್ನು ಸುಗಮಗೊಳಿಸುತ್ತದೆ. ಅಲ್ಲಿ ಅದನ್ನು ತಯಾರಿಸುವ ಕೋಶಗಳು ಸತ್ತಾಗಲೇ ಪಾರ್ಕಿನ್ಸನ್ ಕಾಯಿಲೆ ಬರುವುದು. ಕೈ ನಡುಗುತ್ತದೆ, ಹೆಜ್ಜೆ ಕಿತ್ತಿಡಲು ಆಗುವುದಿಲ್ಲ. ಡೋಪಮೈನ್ ಹಾಗೆಯೇ ಕೆಲಸ ಮಾಡುವ ಮಾತ್ರೆಗಳು ಇದಕ್ಕೆ ಇವೆ. ತೊಂದರೆ ಏನೆಂದರೆ, ಮಾತ್ರೆಗೆ ವಿಳಾಸ ಗೊತ್ತಿಲ್ಲ. ಚಲನೆಯ ಜಾಗಕ್ಕೂ ಹೋಗುತ್ತದೆ, ಆಸೆಯ ಜಾಗಕ್ಕೂ ಹೋಗುತ್ತದೆ. ಹಾಗಾಗಿ ಜೀವನದಲ್ಲಿ ಇಸ್ಪೀಟು ಮುಟ್ಟದವರು ಕೂಡ ಈ ಮಾತ್ರೆ ಶುರುವಾದ ಮೇಲೆ ಕೆಲವೊಮ್ಮೆ ಜೂಜಿಗೆ ಬೀಳುತ್ತಾರೆ. ಇನ್ನು ಕೆಲವರು ಬೇಕಿಲ್ಲದ್ದನ್ನೆಲ್ಲ ಕೊಂಡು ತಂದು ಮನೆ ತುಂಬಿಸುತ್ತಾರೆ. ಔಷಧ ಕಮ್ಮಿ ಮಾಡಿದರೆ ಅಥವಾ ಬದಲಿಸಿದರೆ ಅನೇಕರಲ್ಲಿ ಆ ಹುಚ್ಚು ಇಳಿಯುತ್ತದೆ. ಆದರೆ ನಾಚಿಕೆಯಿಂದ ಬಾಯಿ ಬಿಡದವರೂ ಇರುತ್ತಾರೆ. ಹಾಗಾಗಿ ವೈದ್ಯರು ಮನೆಯವರನ್ನೂ ಕೂರಿಸಿಕೊಂಡು ವಿಚಾರಿಸಬೇಕಾಗುತ್ತದೆ: ಇತ್ತೀಚೆಗೆ ಇವರ ಖರ್ಚು ಜಾಸ್ತಿ ಆಗಿದೆಯಾ? ಕೈ ನಡುಕಕ್ಕೆ ಔಷಧಿ ಬರೆಸಲು ಬಂದವರಿಗೆ ಈ ಪ್ರಶ್ನೆ ಎಲ್ಲಿಂದ ಬಂತು ಅಂತಲೇ ತಿಳಿಯುವುದಿಲ್ಲ.